ವೆಲ್ಡಿಂಗಿಗೆ ತಾನೇ ಕಪ್ಪಾಗುವ ಹೆಲ್ಮೆಟ್: ಕೊಳ್ಳುವ ಮುನ್ನ ಹಲ್ಲು ನೋಡಿ

ಎರಡು ವರ್ಷದ ಹಿಂದಿನ ಮಾತು. ಜೂನ್ ತಿಂಗಳ ಕೊನೆ. ಹೊಗೆಸೊಪ್ಪಿನ ಸಸಿ ನಾಟಿಯಾಗಿತ್ತು. ಸೊಪ್ಪು ಮುರಿಯೋದಕ್ಕೆ ಮುಂಚೆ ಬ್ಯಾರನ್ ಸರಿಮಾಡಿಕೊಳ್ಳಬೇಕು. ಒಳಗಿನ ತಗಡಿನ ಪೈಪು ಎರಡು ಕಡೆ ತುಕ್ಕು ಹಿಡಿದು ತೂತು ಬಿದ್ದಿತ್ತು, ಅದನ್ನು ಹೊತ್ತ ಕಬ್ಬಿಣದ ಕಾಲುಗಳು ಕಳಚಿದ್ದವು. ಮನೆಯಲ್ಲೇ ವೆಲ್ಡಿಂಗ್ ಮೆಷಿನ್ ಇತ್ತು. ನಾನು ವೆಲ್ಡಿಂಗಿಗೆ ಕೂತೆ. ಕಾಲು ಅಲ್ಲಾಡದ ಹಾಗೆ ಹಿಡಿದುಕೊಳ್ಳಲು ನನ್ನ ಹೆಂಡತಿಯನ್ನು ಕರೆದೆ. ನನ್ನ ತಲೆಗೆ ಹೆಲ್ಮೆಟ್ ಇತ್ತು. ಅವಳಿಗೆ ಏನೂ ಇರಲಿಲ್ಲ. "ಮುಖ ಆ ಕಡೆ ತಿರುಗಿಸ್ಕೊ" ಅಂದೆ, ಅಷ್ಟೆ.

ಕೆಲಸ ಮುಗಿದಾಗ ಸಂಜೆ ಐದು. ರಾತ್ರಿ ಊಟದ ಹೊತ್ತಿಗೂ ಚೆನ್ನಾಗೇ ಇದ್ದಳು. ಹನ್ನೆರಡು ಗಂಟೆ ಹೊತ್ತಿಗೆ ಎದ್ದು ಕೂತಳು. "ಕಣ್ಣೊಳಗೆ ಯಾರೋ ಮರಳು ಹುಯ್ದಂಗೆ ಆಯ್ತಾ ಅದೆ, ಬಿಡೋಕೇ ಆಗ್ತಿಲ್ಲ" ಅಂದಳು. ದೀಪ ಹಾಕಿದರೆ ಚೀರುತ್ತಾಳೆ. ನೀರು ಧಾರೆಯಾಗಿ ಸುರಿಯುತ್ತಿದೆ. ಬೆಳಗಿನವರೆಗೂ ಒದ್ದೆ ಬಟ್ಟೆ ಹಾಕಿಕೊಂಡು ಕೂತೆವು. ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ನೋಡಿ, "ವೆಲ್ಡಿಂಗ್ ಮಾಡೋರು ನೀವು, ಕಣ್ಣು ಹೋಗಿರೋದು ಇವರದ್ದು. ಇದ್ಯಾವ ನ್ಯಾಯ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡು ದಿನಕ್ಕೆ ವಾಸಿಯಾಯಿತು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಆಮೇಲೆ ಹೆಲ್ಮೆಟ್ ವಿಚಾರ ನಾಲ್ಕು ಕಡೆ ಕೇಳಿ, ಓದಿ, ಒಂದು ಸಲ ದುಡ್ಡು ಕಳೆದುಕೊಂಡು, ಒಂದು ಸಲ ಸರಿಯಾದ್ದನ್ನು ಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಚುಂಚನಕಟ್ಟೆ ಸುತ್ತ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಈಗ ಎಷ್ಟೋ ಮನೆಯಲ್ಲಿ ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಇದೆ. ಮೆಷಿನ್ ಕೊಳ್ಳುವಾಗ ನೂರು ಪ್ರಶ್ನೆ ಕೇಳುತ್ತೇವೆ. ಕಣ್ಣಿಗೆ ಕಟ್ಟುವುದನ್ನು ಮಾತ್ರ ಅಂಗಡಿಯವನು ಕೊಟ್ಟದ್ದನ್ನೇ ತರುತ್ತೇವೆ.

ಆರ್ಕಿನೊಳಗೆ ಮೂರು ಬೆಳಕು

ರಾಡಿನ ತುದಿಯಲ್ಲಿ ಹೊತ್ತುವ ಆರ್ಕ್ ಒಂದೇ ಬೆಳಕಲ್ಲ. ಒಂದು, ಕಣ್ಣಿಗೆ ಕಾಣುವ ಬೆಳಕು. ಎರಡನೆಯದು ಕಾಣದ ನೇರಳಾತೀತ ಕಿರಣ. ಮೂರನೆಯದು ಕಾಣದ ಅವಗೆಂಪು ಕಿರಣ, ಅಂದರೆ ಶಾಖದ ಕಿರಣ.

ನೇರಳಾತೀತ ಕಿರಣ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು ಸುಡುತ್ತದೆ. ಬಿಸಿಲಿಗೆ ಚರ್ಮ ಸುಟ್ಟ ಹಾಗೆಯೇ. ಸುಟ್ಟದ್ದು ಆಗಲೇ ಗೊತ್ತಾಗುವುದಿಲ್ಲ, ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಉರಿ ಶುರು. ಅದಕ್ಕೇ ಹಗಲು ವೆಲ್ಡಿಂಗ್ ಮಾಡಿದವನು ನಡುರಾತ್ರಿ ಏಳುವುದು. ಅವಗೆಂಪು ಕಿರಣ ಕಣ್ಣಿನ ಮಸೂರಕ್ಕೆ ಶಾಖ ಕೊಡುತ್ತದೆ, ವರ್ಷಾನುಗಟ್ಟಲೆ ಆದರೆ ಪೊರೆ ಬರಿಸಬಹುದು. ಕಾಣುವ ಪ್ರಖರ ಬೆಳಕು, ಅದರಲ್ಲೂ ನೀಲಿ ಭಾಗ, ಕಣ್ಣಿನ ಹಿಂಭಾಗದ ಅಕ್ಷಿಪಟಕ್ಕೆ ಹೋಗಿ ಹೊಡೆಯುತ್ತದೆ. ಆ ಗಾಯಕ್ಕೆ ನೋವಿಲ್ಲ, ಆದರೆ ಕೆಲವೊಮ್ಮೆ ಪೂರ್ತಿ ವಾಸಿಯಾಗುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗಿನ ಹೊಗೆಯನ್ನೂ, ವೆಲ್ಡಿಂಗಿನ ನೇರಳಾತೀತ ಕಿರಣವನ್ನೂ ಕ್ಯಾನ್ಸರ್ ತರುವವುಗಳ ಮೊದಲ ಪಟ್ಟಿಗೆ ಸೇರಿಸಿತು.

ಇಷ್ಟು ಗೊತ್ತಾದರೆ ಒಂದು ವಿಷಯ ಸ್ಪಷ್ಟ. ಗ್ಲಾಸು ಕಪ್ಪಗಿದ್ದರೆ ಸಾಲದು. ಕಾಣದ ಎರಡು ಕಿರಣವನ್ನೂ ತಡೆಯಬೇಕು. ಬಿಸಿಲಿನ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಟ್ಯಾಕ್ ಹೊಡೆಯುವವರು ಇದನ್ನು ಗಮನಿಸಬೇಕು.

ಕೈ ಶೀಲ್ಡಿನ ತೊಂದರೆ

ಮೊದಲು ನನ್ನ ಹತ್ತಿರ ಇದ್ದದ್ದು ಕೈಯಲ್ಲಿ ಹಿಡಿಯುವ ಶೀಲ್ಡ್. ಕಪ್ಪು ಗ್ಲಾಸು ಒಳ್ಳೆಯದಿದ್ದರೆ ಅದೇನೂ ಕೆಟ್ಟದ್ದಲ್ಲ. ಕಡಿಮೆ ಬೆಲೆ, ಬ್ಯಾಟರಿ ಬೇಡ, ಕೆಡುವ ಮಾತಿಲ್ಲ. ತೊಂದರೆ ಇರುವುದು ನಮ್ಮ ಕೈಯಲ್ಲಿ. ಎಡಗೈ ಶೀಲ್ಡಿಗೆ ಹೋಯಿತು, ಬಲಗೈ ಹೋಲ್ಡರಿಗೆ. ಕಬ್ಬಿಣ ಹಿಡಿಯುವವರು ಯಾರು? ಹೆಂಡತಿ, ಮಗ, ಇಲ್ಲ ಪಕ್ಕದ ಮನೆಯವನು.

ಇನ್ನೊಂದು ತೊಂದರೆ, ಕಪ್ಪು ಗ್ಲಾಸಿನಲ್ಲಿ ಆರ್ಕ್ ಹೊತ್ತುವವರೆಗೆ ಏನೂ ಕಾಣುವುದಿಲ್ಲ. ರಾಡನ್ನು ಜಾಗಕ್ಕೆ ಇಟ್ಟು, ಆಮೇಲೆ ಶೀಲ್ಡ್ ಮುಖಕ್ಕೆ ತರಬೇಕು. ಅಷ್ಟರಲ್ಲಿ ರಾಡು ಅರ್ಧ ಇಂಚು ಜಾರಿರುತ್ತದೆ. ಅದಕ್ಕೆ ನಾವೇನು ಮಾಡುತ್ತೇವೆ? ಚಿಕ್ಕ ಟ್ಯಾಕ್ ಆದರೆ ಕಣ್ಣು ಮುಚ್ಚಿ ಹೊಡೆಯುತ್ತೇವೆ. ನಮ್ಮ ಕಡೆಯ ಹಳೆಯ ವೆಲ್ಡರ್ ಒಬ್ಬರು ಹೇಳಿದ್ದು: "ನಾನು ಎಂದೂ ಬೆಳಕು ನೋಡ್ನಿಲ್ಲ ಅನ್ಕೊಂಡಿದ್ದೆ. ನೂರು ಸಲ ಮುಚ್ಚಿದ್ರೆ ಹತ್ತು ಸಲ ತಡವಾಗಿ ಮುಚ್ಚಿರ್ತೀವಿ." ಕಿಡಿ ಹೊತ್ತಿದ ಮೇಲೆ ರೆಪ್ಪೆ ಬಡಿಯುವುದು ಯಾವಾಗಲೂ ತಡವೇ. ಟ್ಯಾಕ್ ಒಂದಾದರೆ ಪರವಾಗಿಲ್ಲ ಅನಿಸಬಹುದು. ಟಿಲ್ಲರಿನ ಕೇಜ್ ವೀಲ್ ಮಾಡುವಾಗ ಐವತ್ತು ಟ್ಯಾಕ್ ಇರುತ್ತದೆ. ಎಲ್ಲ ಕೂಡಿದರೆ ಲೆಕ್ಕ ದೊಡ್ಡದು.

ಇದು ಕೆಲಸ ಮಾಡುವ ಬಗೆ

ತಾನೇ ಕಪ್ಪಾಗುವ ಹೆಲ್ಮೆಟ್ ಈ ಎರಡು ತೊಂದರೆಗೂ ಉತ್ತರ. ಸ್ವೀಡನ್ನಿನ ಹೋರ್ನೆಲ್ ಎಂಬ ಕಂಪೆನಿ 1981ರಲ್ಲಿ ಸ್ಪೀಡ್‌ಗ್ಲಾಸ್ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಆಗ ಅದು ದೊಡ್ಡ ಕಾರ್ಖಾನೆಯವರ ಸಾಮಾನು. ಈಗ ತಾಲ್ಲೂಕು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ನೇತುಹಾಕಿರುತ್ತಾರೆ.

ಹೆಲ್ಮೆಟ್ಟಿನ ಕಿಟಕಿಯಲ್ಲಿರುವುದು ಒಂದೇ ಗಾಜಲ್ಲ, ಹಲವು ಪದರ. ಎಲ್ಲಕ್ಕೂ ಮುಂದೆ ಕಿಡಿ ತಡೆಯುವ ಪ್ಲಾಸ್ಟಿಕ್ ಹಾಳೆ. ಅದರ ಹಿಂದೆ ನೇರಳಾತೀತ ಮತ್ತು ಅವಗೆಂಪು ಕಿರಣ ತಡೆಯುವ ಗಾಜು. ಅದರ ಹಿಂದೆ ದ್ರವ ಸ್ಫಟಿಕದ ಪದರ. ಕ್ಯಾಲ್ಕುಲೇಟರಿನಲ್ಲಿ ಅಂಕಿ ಕಪ್ಪಾಗಿ ಮೂಡುತ್ತದಲ್ಲ, ಅದೇ ಜಾತಿಯ ವಸ್ತು. ಕಿಟಕಿಯ ಅಂಚಿನಲ್ಲಿ ಚಿಕ್ಕ ಚಿಕ್ಕ ಕಣ್ಣುಗಳಿವೆ, ಸೆನ್ಸರ್ ಅನ್ನುತ್ತಾರೆ. ಆರ್ಕ್ ಹೊತ್ತಿದ್ದನ್ನು ಸೆನ್ಸರ್ ಕಂಡ ಕೂಡಲೇ ದ್ರವ ಸ್ಫಟಿಕಕ್ಕೆ ಕರೆಂಟು ಹೋಗಿ ಗ್ಲಾಸು ಕಪ್ಪಾಗುತ್ತದೆ. ಆರ್ಕ್ ನಿಂತರೆ ಮತ್ತೆ ತಿಳಿಯಾಗುತ್ತದೆ. ಹೆಲ್ಮೆಟ್ ಎತ್ತುವ ಇಳಿಸುವ ರಗಳೆ ಇಲ್ಲ. ಎಡಗೈ ಬಿಡುವಾಯಿತು.

ಇಲ್ಲಿ ಬಹಳ ಜನ ಕೇಳುವ ಪ್ರಶ್ನೆ: ಕಪ್ಪಾಗುವುದು ತಡವಾದರೆ ಕಣ್ಣು ಹೋಗುವುದಿಲ್ಲವೆ? ಮೊದಲು ನನಗೂ ಅದೇ ಭಯ. ಒಳ್ಳೆಯ ಹೆಲ್ಮೆಟ್ಟಿನಲ್ಲಿ ನೇರಳಾತೀತ, ಅವಗೆಂಪು ಕಿರಣ ತಡೆಯುವ ಗಾಜಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಗ್ಲಾಸು ತಿಳಿಯಾಗಿದ್ದಾಗಲೂ, ಬ್ಯಾಟರಿ ಸತ್ತಾಗಲೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕಪ್ಪಾಗುವುದು ಕಾಣುವ ಬೆಳಕಿಗೆ ಮಾತ್ರ. ಹಾಗಂತ ಕಪ್ಪಾಗದ ಹೆಲ್ಮೆಟ್ಟಿನಲ್ಲಿ ಕೆಲಸ ಮುಂದುವರಿಸಬಾರದು, ಆ ಪ್ರಖರ ಬೆಳಕೂ ಕಣ್ಣಿನ ಹಿಂಭಾಗವನ್ನು ಕೆಡಿಸುತ್ತದೆ. ಆದರೆ ಆ ಗಾಜೇ ನಕಲಿಯಾದರೆ? ಅದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಆದ್ದರಿಂದಲೇ ಮುಂದೆ ಹೇಳುವ ಅಚ್ಚಿನ ಗುರುತು ಮುಖ್ಯ.

ಎತ್ತು ಕೊಳ್ಳುವ ಹಾಗೆ ಕೊಳ್ಳಿ

ಸಂಕ್ರಾಂತಿ ಸುತ್ತಿನ ನಮ್ಮ ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬರೀ ಕೊಂಬಿನ ಬಣ್ಣ ನೋಡಿ ದುಡ್ಡು ಎಣಿಸುವವರು ಯಾರೂ ಇಲ್ಲ. ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಗೊರಸು ಎತ್ತಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ. ಹೆಲ್ಮೆಟ್ ಮೇಲೆ ಬೆಂಕಿಯ ಚಿತ್ರ, ಹುಲಿಯ ಮುಖ ಬರೆದಿರುವುದು ಕೊಂಬಿನ ಬಣ್ಣ ಇದ್ದಂತೆ. ನೋಡಬೇಕಾದ್ದು ಬೇರೆ.

1. ಶೇಡ್ ನಂಬರ್. ಗ್ಲಾಸು ಎಷ್ಟು ಕಪ್ಪು ಎಂಬುದರ ಅಳತೆ ಇದು. ನಂಬರ್ 10ರ ಗ್ಲಾಸು ಬೆಳಕಿನ ಏಳು ಸಾವಿರ ಪಾಲಿನಲ್ಲಿ ಸುಮಾರು ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಒಂದು ನಂಬರ್ ಏರಿದರೆ ಬರುವ ಬೆಳಕು ಎರಡೂವರೆ ಪಟ್ಟಿಗೂ ಹೆಚ್ಚು ಕಡಿಮೆಯಾಗುತ್ತದೆ. 11 ಅಂದರೆ 10ಕ್ಕಿಂತ ಸ್ವಲ್ಪ ಕಪ್ಪು ಅಂತ ತಿಳಿಯಬೇಡಿ, ಬಹಳ ಕಪ್ಪು. ಬಿಸಿಲಿನ ಕನ್ನಡಕ ಈ ಲೆಕ್ಕದಲ್ಲಿ 3ರ ಆಸುಪಾಸು. ಅದಕ್ಕೂ 10ಕ್ಕೂ ಇರುವ ಅಂತರ ಊಹಿಸಿ.

ನಮ್ಮ ಕೆಲಸಕ್ಕೆ ಹೀಗಿಟ್ಟುಕೊಳ್ಳಬಹುದು. 12 ನಂಬರ್ ರಾಡ್, ಅಂದರೆ ಎರಡೂವರೆ ಮಿಲಿಮೀಟರಿನದ್ದು, 60ರಿಂದ 90 ಆಂಪಿಯರಿನಲ್ಲಿ ಓಡಿಸಿದರೆ ಶೇಡ್ 10. 10 ನಂಬರ್ ರಾಡ್, ಅಂದರೆ 3.15 ಮಿಲಿಮೀಟರಿನದ್ದು, 90ರಿಂದ 130 ಆಂಪಿಯರಿನಲ್ಲಿ 10 ಅಥವಾ 11. 4 ಮಿಲಿಮೀಟರಿನ 8 ನಂಬರ್ ರಾಡಿಗೆ 160 ಆಂಪಿಯರ್ ದಾಟಿದರೆ 12. ಮೊದಲು ಹೆಚ್ಚು ಕಪ್ಪಿನಿಂದ ಶುರು ಮಾಡಿ, ಕರಗಿದ ಲೋಹದ ಕೊಳ ಕಾಣದಿದ್ದರೆ ಒಂದು ನಂಬರ್ ಇಳಿಸಿ. 9ರಿಂದ 13ರವರೆಗೆ ತಿರುಗಿಸುವ ಗುಂಡಿ ಇರುವ ಹೆಲ್ಮೆಟ್ ತೆಗೆದುಕೊಳ್ಳಿ. 11ಕ್ಕೇ ನಿಂತುಹೋದದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ತೆಳು ತಗಡಿಗೆ ಕಡಿಮೆ ಆಂಪಿಯರ್ ಇಟ್ಟಾಗ ಅದರಲ್ಲಿ ಏನೂ ಕಾಣದೆ, ನೀವು ಹೆಲ್ಮೆಟ್ ಎತ್ತಿ ಇಣುಕಲು ಶುರು ಮಾಡುತ್ತೀರಿ.

2. ಸೆನ್ಸರ್ ಎಷ್ಟು. ಎರಡಿರುತ್ತದೆ, ಮೂರಿರುತ್ತದೆ, ನಾಲ್ಕಿರುತ್ತದೆ. ಮೇಜಿನ ಮೇಲೆ ಗೇಟಿನ ಕೆಲಸ ಮಾಡುವವನಿಗೆ ಎರಡು ಸಾಕು. ನಮ್ಮದು ಹಾಗಲ್ಲ. ಟ್ರೇಲರಿನ ಕೆಳಗೆ ಮಲಗುತ್ತೇವೆ, ಬ್ಯಾರನ್ ಒಳಗೆ ಪೈಪಿನ ಸಂದಿಗೆ ತಲೆ ಹಾಕುತ್ತೇವೆ. ನಮ್ಮದೇ ಕೈ ಅಥವಾ ಪೈಪು ಸೆನ್ಸರಿಗೆ ಅಡ್ಡ ಬಂದರೆ ಅದಕ್ಕೆ ಆರ್ಕ್ ಕಾಣುವುದಿಲ್ಲ, ಗ್ಲಾಸು ತಟ್ಟನೆ ತಿಳಿಯಾಗುತ್ತದೆ. ನಾಲ್ಕಿದ್ದರೆ ಒಂದಕ್ಕಲ್ಲ ಒಂದಕ್ಕೆ ಕಾಣುತ್ತದೆ. ರೈತನ ಕೆಲಸಕ್ಕೆ ನಾಲ್ಕು ಸೆನ್ಸರಿಗೆ ಕೊಟ್ಟ ದುಡ್ಡು ದಂಡವಲ್ಲ.

3. ಕಪ್ಪಾಗುವ ವೇಗ. ಪೆಟ್ಟಿಗೆ ಮೇಲೆ ಸೆಕೆಂಡಿನ 25 ಸಾವಿರದಲ್ಲಿ ಒಂದು ಭಾಗ, 30 ಸಾವಿರದಲ್ಲಿ ಒಂದು ಭಾಗ ಎಂದೆಲ್ಲ ಬರೆದಿರುತ್ತದೆ. ಇವೆರಡರ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಆದರೆ ಸೆಕೆಂಡಿನ ಮೂರು ನಾಲ್ಕು ಸಾವಿರದಲ್ಲಿ ಒಂದು ಭಾಗ ಅಂತಿದ್ದರೆ ಬಿಡಿ. ಒಂದು ಟ್ಯಾಕಿಗೆ ಏನೂ ಅನಿಸದು, ದಿನಕ್ಕೆ ನೂರು ಸಲ ಹೊತ್ತಿಸಿದಾಗ ಸಂಜೆಗೆ ಕಣ್ಣು ದಣಿಯುತ್ತದೆ.

4. ನಾಲ್ಕು ಅಂಕಿಗಳು. ಇದು ಅಂಗಡಿಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಯುರೋಪಿನ ಇಎನ್ 379 ಎಂಬ ಮಾನಕದ ಪ್ರಕಾರ ಪರೀಕ್ಷೆಯಾದ ಗ್ಲಾಸಿನ ಚೌಕಟ್ಟಿನ ಮೇಲೆ ಒಂದು ಸಾಲು ಅಚ್ಚಾಗಿರುತ್ತದೆ. ಉದಾಹರಣೆಗೆ 4/9-13, ಆಮೇಲೆ ತಯಾರಕರ ಗುರುತು, ಆಮೇಲೆ 1/1/1/2/379. ಮೊದಲ 4 ಎಂದರೆ ತಿಳಿಯಾಗಿದ್ದಾಗಿನ ಶೇಡ್. 9-13 ಎಂದರೆ ಕಪ್ಪಾದಾಗಿನ ಶೇಡ್. ಕೊನೆಯ ನಾಲ್ಕು ಅಂಕಿ ಗ್ಲಾಸಿನ ಗುಣ: ಆಕಾರ ಸೊಟ್ಟಗೆ ಕಾಣುತ್ತದೆಯೇ, ಮಂಜು ಮಂಜಾಗಿದೆಯೇ, ಎಲ್ಲ ಕಡೆ ಒಂದೇ ಸಮ ಕಪ್ಪಾಗುತ್ತದೆಯೇ, ಓರೆಯಾಗಿ ನೋಡಿದಾಗಲೂ ಅಷ್ಟೇ ಕಪ್ಪಿರುತ್ತದೆಯೇ. ಒಂದೊಂದಕ್ಕೂ 1 ಅಂದರೆ ಉತ್ತಮ, 3 ಅಂದರೆ ಕಳಪೆ. ನಾವು ಮಲಗಿ, ಬಾಗಿ, ಓರೆಯಾಗಿ ನೋಡುವವರು. ಹಾಗಾಗಿ ಕೊನೆಯ ಅಂಕಿ 3 ಇದ್ದರೆ ಬೇಡ, 1 ಅಥವಾ 2 ಇರಲಿ. ಅಮೆರಿಕದ ಮಾನಕವಾದರೆ ಝಡ್ 87 ಎಂಬ ಗುರುತು ಇರುತ್ತದೆ. ನಮ್ಮ ದೇಶದ ಮಾನಕ ಐಎಸ್ 1179 ವೆಲ್ಡಿಂಗಿನಲ್ಲಿ ಕಣ್ಣು, ಮುಖ ಕಾಯುವ ಸಾಧನಗಳದ್ದು. ಕೈ ಶೀಲ್ಡ್ ಕೊಳ್ಳುವಾಗ ಅದನ್ನು ಕೇಳಿ. ಬರೀ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ, ಗ್ಲಾಸಿನ ಚೌಕಟ್ಟಿನ ಮೇಲೆ ಏನೂ ಇಲ್ಲದಿದ್ದರೆ ನಂಬಬೇಡಿ.

5. ಎರಡು ಗುಂಡಿಗಳು. ಸೂಕ್ಷ್ಮತೆ ಮತ್ತು ತಡ. ಸೂಕ್ಷ್ಮತೆ ಹೆಚ್ಚಿಟ್ಟರೆ ಚಿಕ್ಕ ಆರ್ಕಿಗೂ ಕಪ್ಪಾಗುತ್ತದೆ, ಆದರೆ ಹೊಲದ ಬಿಸಿಲಿನಲ್ಲಿ ಬಿಸಿಲಿಗೇ ಕಪ್ಪಾಗಿ ಕೂರುತ್ತದೆ. ಬಯಲಲ್ಲಿ ಕಡಿಮೆ ಮಾಡಿ, ಕೊಟ್ಟಿಗೆಯೊಳಗೆ ಹೆಚ್ಚು ಮಾಡಬೇಕು. ತಡ ಎಂದರೆ ಆರ್ಕ್ ನಿಂತ ಮೇಲೆ ಎಷ್ಟು ಹೊತ್ತು ಕಪ್ಪಾಗಿರಬೇಕು ಎಂಬುದು, ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಒಂದು ಸೆಕೆಂಡಿನವರೆಗೆ. ಟ್ಯಾಕಿಗೆ ಕಡಿಮೆ, ದಪ್ಪ ವೆಲ್ಡಿಗೆ ಹೆಚ್ಚು. ಕೆಂಪಗೆ ಕಾದ ಲೋಹವನ್ನು ತಿಳಿ ಗ್ಲಾಸಿನಲ್ಲಿ ನೋಡುವುದು ತಪ್ಪುತ್ತದೆ.

6. ಬ್ಯಾಟರಿ. ನನ್ನ ದುಡ್ಡು ಹೋದದ್ದು ಇಲ್ಲೇ. ಮುಂದೆ ಹೇಳುತ್ತೇನೆ. ಬದಲಾಯಿಸಬಹುದಾದ ನಾಣ್ಯದಾಕಾರದ ಬ್ಯಾಟರಿ ಇರುವುದನ್ನೇ ತೆಗೆದುಕೊಳ್ಳಿ. ಅದರ ನಂಬರ್ ನೋಡಿಕೊಳ್ಳಿ. ಸಿಆರ್ 2032 ಆದರೆ ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ.

7. ತಲೆಪಟ್ಟಿ ಮತ್ತು ತೂಕ. ಅರ್ಧ ಕಿಲೋ ಸುತ್ತಮುತ್ತ ಇರುತ್ತದೆ. ಕೈಯಲ್ಲಿ ಹಗುರ, ಎರಡು ಗಂಟೆ ಕತ್ತಿನ ಮೇಲೆ ಭಾರ. ಅಂಗಡಿಯಲ್ಲೇ ಹಾಕಿಕೊಂಡು, ಬಗ್ಗಿ, ತಲೆ ಅಲ್ಲಾಡಿಸಿ ನೋಡಿ. ಜಾರಿ ಬಿದ್ದರೆ ಬೇಡ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ನೋಡಬೇಕು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕು. ವೆಲ್ಡ್ ಸೊಟ್ಟಗೆ ಹೋದರೆ ಹೆಲ್ಮೆಟ್ಟನ್ನು ಬೈಯುತ್ತೇವೆ, ತಪ್ಪು ಕಣ್ಣಿನದ್ದು. ಒಳಗೆ ಭೂತಗನ್ನಡಿ ಹಾಳೆ ಸಿಕ್ಕಿಸುವ ಜಾಗ ಇರುವ ಹೆಲ್ಮೆಟ್ಟುಗಳಿವೆ, ಕೇಳಿ.

8. ಹೊರಗಿನ ಪ್ಲಾಸ್ಟಿಕ್ ಹಾಳೆ. ಕಿಡಿ ಬಿದ್ದು ಬಿದ್ದು ಅದು ಸಿಡುಬು ಬಂದ ಹಾಗೆ ಆಗುತ್ತದೆ. ಆಗ ಕಾಣುವುದಿಲ್ಲ. ಬಿಡಿಯಾಗಿ ಸಿಗುತ್ತದೆಯೇ? ಸಿಗದಿದ್ದರೆ ಹೆಲ್ಮೆಟ್ ಆರು ತಿಂಗಳ ಸಾಮಾನು. ಕೊಳ್ಳುವಾಗಲೇ ಐದು ಹಾಳೆ ಜೊತೆಗೆ ತನ್ನಿ. ಆ ಹಾಳೆ ಇಲ್ಲದೆ ಒಂದು ರಾಡು ಕೂಡ ಸುಡಬೇಡಿ, ಕಿಡಿ ನೇರ ದುಬಾರಿ ಗ್ಲಾಸಿಗೇ ಹೋಗುತ್ತದೆ.

ದುಡ್ಡು ಕೊಡಬೇಕಿಲ್ಲದ್ದು ಯಾವುದು ಅಂತಲೂ ಹೇಳಬೇಕು. ಐದಾರು ಆಂಪಿಯರಿನ ಟಿಗ್ ವೆಲ್ಡಿಂಗಿಗೂ ಆಗುತ್ತದೆ ಅಂತ ಹೇಳಿ ಬೆಲೆ ಏರಿಸುತ್ತಾರೆ. ನಮ್ಮಲ್ಲಿ ರಾಡಿನ ವೆಲ್ಡಿಂಗ್ ಬಿಟ್ಟು ಬೇರೆ ಇಲ್ಲ. ಅದು ಬೇಡ. ಅಂಕಿ ತೋರಿಸುವ ಪರದೆ, ಬಣ್ಣ, ಚಿತ್ರ ಬೇಡ.

ಅಂಗಡಿಯಲ್ಲೇ ಪರೀಕ್ಷೆ

ಹೆಲ್ಮೆಟ್ಟನ್ನು ತಲೆಗೆ ಹಾಕದೆ ಕೈಯಲ್ಲಿ ಹಿಡಿದು, ಸೂಕ್ಷ್ಮತೆ ಪೂರ್ತಿ ಏರಿಸಿ, ಸೆನ್ಸರ್ ಮುಂದೆ ಗ್ಯಾಸ್ ಲೈಟರಿನ ಕಿಡಿ ಹಾರಿಸಿ. ಬಹಳಷ್ಟು ಹೆಲ್ಮೆಟ್ ಆಗ ಒಂದು ಸಲ ಕಪ್ಪಾಗಿ ತಿಳಿಯಾಗುತ್ತವೆ. ಒಂದೊಂದು ಸೆನ್ಸರನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಬೆರಳಿನಿಂದ ಮುಚ್ಚಿ ಹೀಗೇ ಮಾಡಿ. ಎಲ್ಲವೂ ಬದುಕಿವೆಯೇ ತಿಳಿಯುತ್ತದೆ. ಕಪ್ಪಾದಾಗ ಗ್ಲಾಸಿನಲ್ಲಿ ಒಂದು ಮೂಲೆ ತಿಳಿ, ಒಂದು ಮೂಲೆ ಕಪ್ಪು ಅಂತ ತೇಪೆ ಕಂಡರೆ ವಾಪಸ್ ಕೊಡಿ. ನಿಜವಾದ ಪರೀಕ್ಷೆ ಆರ್ಕಿನದ್ದೇ. ಎಷ್ಟೋ ಅಂಗಡಿಯವರ ಪಕ್ಕದಲ್ಲೇ ವೆಲ್ಡಿಂಗ್ ಶಾಪು ಇರುತ್ತದೆ, ಎರಡು ರಾಡು ಸುಟ್ಟು ನೋಡಲು ಕೇಳಿ. ಎತ್ತನ್ನು ನಡೆಸಿ ನೋಡಿದ ಹಾಗೆ. ಬೇಡ ಅಂದರೆ ಬೇರೆ ಅಂಗಡಿ ಇದೆ.

ಇದನ್ನು ಹಾಕಿಕೊಂಡು ಸೂರ್ಯನನ್ನು ಮಾತ್ರ ನೋಡಬೇಡಿ, ಗ್ರಹಣದ ದಿನವೂ ಬೇಡ.

ನಾನು ದುಡ್ಡು ಕಳೆದದ್ದು

ಹೆಂಡತಿಯ ಕಣ್ಣು ಉರಿದ ದಿನ ನನ್ನ ತಲೆ ಮೇಲಿದ್ದದ್ದು ಅಗ್ಗದ ಹೆಲ್ಮೆಟ್. ಎರಡು ಸೆನ್ಸರ್. "ಸೋಲಾರ್, ಬ್ಯಾಟರಿ ಚಿಂತೆ ಇಲ್ಲ" ಅಂತ ಮಾರಿದ್ದರು. ಮೊದಲ ವರ್ಷ ಚೆನ್ನಾಗೇ ಇತ್ತು. ನಮ್ಮ ವೆಲ್ಡಿಂಗ್ ಎಷ್ಟು? ಬ್ಯಾರನ್ ಕಾಲಕ್ಕೆ ನಾಲ್ಕು ದಿನ, ಗದ್ದೆ ಕೆಸರಿಗೆ ಮುಂಚೆ ಕೇಜ್ ವೀಲಿಗೆ ಎರಡು ದಿನ, ಜಾತ್ರೆಗೆ ಮುಂಚೆ ಗಾಡಿಗೆ ಒಂದು ದಿನ. ಉಳಿದ ದಿನ ಹೆಲ್ಮೆಟ್ ಗೋಣಿಚೀಲದೊಳಗೆ ಅಟ್ಟದ ಮೇಲೆ.

ಕಳೆದ ವರ್ಷ ತೆಗೆದು ಹಾಕಿಕೊಂಡರೆ ಒಂದು ಸಲ ಕಪ್ಪಾಯಿತು, ಒಂದು ಸಲ ಇಲ್ಲ. ಬಿಚ್ಚಿ ನೋಡಿದೆ. ಒಳಗೆ ಬ್ಯಾಟರಿ ಇತ್ತು, ಅಂಟು ಹಾಕಿ ಮುಚ್ಚಿಬಿಟ್ಟಿದ್ದರು. ಸೋಲಾರ್ ಅಂತ ಬರೆದಿದ್ದರೂ ಒಳಗೆ ಇಂಥ ಮುಚ್ಚಿದ ಬ್ಯಾಟರಿ ಇರುವುದು ಸಾಮಾನ್ಯ ಅಂತ ಆಮೇಲೆ ತಿಳಿಯಿತು. ಅದು ಸತ್ತರೆ ಹೆಲ್ಮೆಟ್ಟೂ ಸತ್ತ ಹಾಗೆ. ದಿನಾ ವೆಲ್ಡಿಂಗ್ ಮಾಡುವವರಿಗೆ ಗ್ಲಾಸು ಸವೆಯುವುದು ಮುಂಚೆ, ವರ್ಷಕ್ಕೆ ಏಳು ದಿನ ಮಾಡುವ ನಮಗೆ ಬ್ಯಾಟರಿ ಸಾಯುವುದು ಮುಂಚೆ. ಆದ್ದರಿಂದ ರೈತನಿಗೆ ಬದಲಾಯಿಸುವ ಬ್ಯಾಟರಿ ಇನ್ನೂ ಮುಖ್ಯ. ಈಗ ಪ್ರತಿ ಸಲ ಕೆಲಸಕ್ಕೆ ಕೂರುವ ಮುನ್ನ ಲೈಟರ್ ಕಿಡಿ ತೋರಿಸಿ ನೋಡುತ್ತೇನೆ. ಕಾಲು ನಿಮಿಷದ ಕೆಲಸ.

ಎರಡನೇ ಸಲ ನಾವು ನಾಲ್ಕು ಮನೆಯವರು ಸೇರಿ ಒಂದು ಒಳ್ಳೆಯ ಹೆಲ್ಮೆಟ್ ತಂದೆವು. ಒಬ್ಬೊಬ್ಬರ ಪಾಲಿಗೆ ಬಂದದ್ದು ಒಂದು ಚೀಲ ಗೊಬ್ಬರದಷ್ಟು ದುಡ್ಡು. ಬೆವರುಪಟ್ಟಿ ಮಾತ್ರ ಅವರವರದ್ದೇ. ಅಟ್ಟದ ಮೇಲೆ ಇಡುವುದಿಲ್ಲ, ತಗಡಿನ ಕೆಳಗಿನ ಕಾವು ದ್ರವ ಸ್ಫಟಿಕಕ್ಕೆ ಆಗುವುದಿಲ್ಲ. ಮನೆಯೊಳಗೆ, ಬಟ್ಟೆಯಲ್ಲಿ ಸುತ್ತಿ ಇಡುತ್ತೇವೆ. ಗ್ಲಾಸು ಒರೆಸಲು ಪೆಟ್ರೋಲ್, ಥಿನ್ನರ್ ಬಳಸಬೇಡಿ, ಮೆತ್ತಗಿನ ಒದ್ದೆ ಬಟ್ಟೆ ಸಾಕು.

ಪಕ್ಕದಲ್ಲಿರುವವರ ಪಾಲು

ಇದೇ ಲೇಖನದ ಮುಖ್ಯ ಮಾತು. ಎಷ್ಟೇ ಒಳ್ಳೆಯ ಹೆಲ್ಮೆಟ್ ಆದರೂ ಅದು ಕಾಯುವುದು ಒಂದೇ ಜೋಡಿ ಕಣ್ಣನ್ನು. ನನ್ನ ಹೆಂಡತಿ ಮುಖ ತಿರುಗಿಸಿದ್ದಳು. ಆದರೂ ಯಾಕೆ ಸುಟ್ಟಿತು? ಬ್ಯಾರನ್ ಗೋಡೆಗೆ ಸುಣ್ಣ ಬಳಿದಿತ್ತು, ಪಕ್ಕದಲ್ಲಿ ಹೊಸ ಸತುವಿನ ತಗಡು ಒರಗಿಸಿತ್ತು. ನೇರಳಾತೀತ ಕಿರಣ ಅಲ್ಲಿಗೆ ಬಡಿದು ವಾಪಸು ಬಂದಿತ್ತು. ಜೊತೆಗೆ ಕಬ್ಬಿಣ ಅಲ್ಲಾಡಿತೇ ಅಂತ ಅವಳು ಆಗಾಗ ತಿರುಗಿ ನೋಡಿಯೂ ಇದ್ದಳು. ನೋಡದೆ ಹಿಡಿಯುವುದಾದರೂ ಹೇಗೆ?

ಅದಕ್ಕೆ ನಾನೀಗ ಹೀಗೆ ಮಾಡುತ್ತೇನೆ. ಮೊದಲನೆಯದಾಗಿ, ಹಿಡಿಯುವವರೇ ಬೇಡವಾಗುವ ಹಾಗೆ ಎರಡು ಸಿ-ಕ್ಲಾಂಪು, ಒಂದು ಅಯಸ್ಕಾಂತದ ಮೂಲೆಮಟ್ಟ ತಂದಿದ್ದೇನೆ. ಎಡಗೈ ಬಿಡುವಾದ್ದರಿಂದ ಅರ್ಧ ಕೆಲಸ ಒಬ್ಬನೇ ಮಾಡುತ್ತೇನೆ. ಎರಡನೆಯದಾಗಿ, ಯಾರಾದರೂ ಹಿಡಿಯಲೇಬೇಕಾದರೆ ಅವರ ತಲೆಗೂ ಹೆಲ್ಮೆಟ್. ಅದು ತಾನೇ ಕಪ್ಪಾಗುವುದೇ ಆಗಬೇಕಿಲ್ಲ, 10 ನಂಬರ್ ಗ್ಲಾಸಿನ ಸಾದಾ ತಲೆ ಹೆಲ್ಮೆಟ್ ಸಾಕು. "ಹೊತ್ತಿಸ್ತೀನಿ" ಅಂತ ಕೂಗಿ, ಅವರು ಇಳಿಸಿಕೊಂಡ ಮೇಲೆ ರಾಡು ಮುಟ್ಟಿಸುವುದು. ಮೂರನೆಯದಾಗಿ, ಹಳೆಯ ದಪ್ಪ ಗೋಣಿಯನ್ನು ಒದ್ದೆ ಮಾಡಿ ಅಡ್ಡ ಕಟ್ಟುತ್ತೇನೆ. ಮಕ್ಕಳಿಗೆ ಆ ಬೆಳಕು ದೀಪಾವಳಿ ಇದ್ದ ಹಾಗೆ, ಓಡಿ ಬರುತ್ತಾರೆ. ಹತ್ತಿರ ಕಟ್ಟಿದ ದನವನ್ನೂ ಬೇರೆ ಕಡೆ ಕಟ್ಟುತ್ತೇನೆ.

ಹೆಲ್ಮೆಟ್ ಕಾಯದ ವಿಷಯಗಳು

ಹೆಲ್ಮೆಟ್ ಹೊಗೆ ತಡೆಯುವುದಿಲ್ಲ. ಸತುವು ಬಳಿದ ತಗಡು, ಜಿಐ ಪೈಪು ಸುಟ್ಟರೆ ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದರೆ ರಾತ್ರಿ ಚಳಿಜ್ವರ, ಮೈಕೈ ನೋವು. ಮಲೇರಿಯಾ ಅಂದುಕೊಳ್ಳುವವರಿದ್ದಾರೆ. ಸತುವನ್ನು ಉಜ್ಜಿ ತೆಗೆದು, ಗಾಳಿಗೆ ಬೆನ್ನು ಕೊಡದೆ ಪಕ್ಕದಿಂದ ಗಾಳಿ ಬೀಸುವ ಹಾಗೆ ಕೂತು ಸುಡಿ. ಬ್ಯಾರನ್ ಒಳಗೆ ಬಾಗಿಲು, ಗಾಳಿಕಿಂಡಿ ಎಲ್ಲ ತೆರೆದಿರಲಿ. ಒಳಗೆ ಹಳೆ ಸೊಪ್ಪಿನ ಚೂರು, ದಾರ, ಕಡ್ಡಿ ಇದ್ದರೆ ಗುಡಿಸಿ, ಒಂದು ಬಿಂದಿಗೆ ನೀರು ಪಕ್ಕಕ್ಕಿಟ್ಟುಕೊಂಡು ಶುರು ಮಾಡಿ.

ಗ್ಯಾಸ್ ಕಟಿಂಗಿಗೆ ಈ ಹೆಲ್ಮೆಟ್ ಅಲ್ಲ. ಆ ಜ್ವಾಲೆಗೆ ಇದು ಕಪ್ಪಾಗುತ್ತದೆಂಬ ಭರವಸೆಯಿಲ್ಲ, ಕಪ್ಪಾದರೆ ಏನೂ ಕಾಣದು. ಅದಕ್ಕೆ 4ರಿಂದ 6 ನಂಬರಿನ ಬೇರೆ ಕನ್ನಡಕ ಬೇಕು. ಗ್ರೈಂಡಿಂಗ್ ಮಾಡುವಾಗ ಕೆಲವು ಹೆಲ್ಮೆಟ್ಟಿನಲ್ಲಿ ಗ್ರೈಂಡ್ ಎಂಬ ಗುಂಡಿ ಇದೆ, ಕಿಡಿಗೆ ಕಪ್ಪಾಗದೆ ತಿಳಿಯಾಗಿಯೇ ಇರುತ್ತದೆ. ಅದನ್ನು ಮತ್ತೆ ವೆಲ್ಡಿಂಗಿಗೆ ತಿರುಗಿಸುವುದನ್ನು ಮರೆತರೆ ಆರ್ಕ್ ನೇರ ಕಣ್ಣಿಗೆ. ನಾನು ಒಂದು ಸಲ ಮರೆತಿದ್ದೇನೆ. ಗ್ರೈಂಡಿಂಗಿಗೆ ಬಿಳಿ ಕನ್ನಡಕ ಬೇರೆ ಇಟ್ಟುಕೊಂಡು ಆ ಗುಂಡಿಯನ್ನು ಮುಟ್ಟದಿರುವುದೇ ಕ್ಷೇಮ.

ಕತ್ತು, ಎದೆ, ಮುಂಗೈ ಮುಚ್ಚುವ ಹತ್ತಿ ಬಟ್ಟೆ ಹಾಕಿ. ನೈಲಾನ್ ಅಂಗಿ ಕಿಡಿಗೆ ಕರಗಿ ಮೈಗೆ ಅಂಟುತ್ತದೆ.

ಕಣ್ಣು ಸುಟ್ಟೇಬಿಟ್ಟರೆ

ಕಣ್ಣು ಉಜ್ಜಬೇಡಿ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಶುದ್ಧ ಬಟ್ಟೆ, ಕತ್ತಲೆ ಕೋಣೆ, ನಿದ್ದೆ. ನಮ್ಮಲ್ಲಿ ಎದೆಹಾಲು ಹಾಕುತ್ತಾರೆ, ನಂದಿಬಟ್ಟಲಿನ ರಸ ಹಿಂಡುತ್ತಾರೆ. ಆ ರಾತ್ರಿ ನಮ್ಮಮ್ಮನೂ ಬಟ್ಟಲು ಹಿಡಿದು ಬಂದಿದ್ದರು. ಡಾಕ್ಟರು ಹೇಳಿದ್ದು: ಸುಟ್ಟ ಕಣ್ಣು ಸಿಪ್ಪೆ ಸುಲಿದ ಹಣ್ಣಿನ ಹಾಗೆ, ಅದರ ಮೇಲೆ ಕೊಳೆ ಬಿದ್ದರೆ ಕೀವಾಗಿ ಹುಣ್ಣಾಗುತ್ತದೆ, ಬಿಳಿ ಕಲೆ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ವಾಸಿಯಾಗುವ ಗಾಯವನ್ನು ನಾವೇ ದೊಡ್ಡದು ಮಾಡಿಕೊಳ್ಳಬಾರದು. ಮೆಡಿಕಲ್ ಶಾಪಿನಲ್ಲಿ ಕೇಳಿ ಮರವು ಬರಿಸುವ ಹನಿ, ಸ್ಟೀರಾಯ್ಡ್ ಹನಿ ಹಾಕಿಕೊಳ್ಳುವುದೂ ಅಪಾಯ. ಡಾಕ್ಟರಿಗೆ ತೋರಿಸುವುದೇ ಮೇಲು. ಒಂದು ದಿನ ಕಳೆದರೂ ನೋವು ಇಳಿಯದಿದ್ದರೆ, ದೃಷ್ಟಿ ಮಂಜಾದರೆ, ಅಥವಾ ಲೋಹದ ಚೂರು ಬಿದ್ದ ಅನುಮಾನ ಇದ್ದರೆ ತಡ ಮಾಡಲೇಬಾರದು.

ಕಳೆದ ವರ್ಷ ಮತ್ತೆ ಬ್ಯಾರನ್ ಕೆಲಸ ಬಂತು. ಕ್ಲಾಂಪು ಹಾಕಲಾಗದ ಒಂದು ಜಾಗ ಇತ್ತು. ಕರೆದೆ. ಹೆಂಡತಿ ಬಂದವಳು ಮೊದಲು ಗೋಡೆ ಗೂಟದ ಕಡೆ ಕೈ ಚಾಚಿ, "ನನ್ನ ಟೋಪಿ ಎಲ್ಲಿ?" ಅಂದಳು. ಕೊಟ್ಟೆ. ಅವಳು ಅದನ್ನು ಇಳಿಸಿಕೊಂಡು "ಹೂಂ" ಅಂದ ಮೇಲೆ ರಾಡು ಮುಟ್ಟಿಸಿದೆ. ನಿಮ್ಮ ಮನೆಯಲ್ಲಿ ಹಿಡಿಯುವವರಿಗೆ ಟೋಪಿ ಇದೆಯೇ? ಇಲ್ಲದಿದ್ದರೆ ನಿಮ್ಮ ಹೆಲ್ಮೆಟ್ಟಿಗಿಂತ ಮುಂಚೆ ಅದನ್ನು ತನ್ನಿ.